ಹೊಳೆ ಇಳಿದ ಮೇಲೆ ಎದ್ದ ಹೊಗೆ

ನಮ್ಮ ಮನೆಯಲ್ಲಿ ಹೊಳೆ ಬಂದ ವರ್ಷದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಎದೆಯುಬ್ಬಿಸಿ ಹೇಳುತ್ತಾರೆ: ಅಷ್ಟು ದೊಡ್ಡ ಹೊಳೆ ಬಂದು ಊರಿಗೆ ಊರೇ ಬಿದ್ದರೂ ನಮ್ಮವರು ಒಬ್ಬರೂ ಕೈಯೊಡ್ಡಲಿಲ್ಲ. ಮಕ್ಕಳು ಹೇಳುತ್ತಾರೆ, ಮೊಮ್ಮಕ್ಕಳು ಹೇಳುತ್ತಾರೆ, ಅವರ ಬಾಯಿಂದ ಕೇಳಿದ ಬೀಗರೂ ಹೇಳುತ್ತಾರೆ. ನಾನು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂಡುತ್ತೇನೆ. ಈ ವಯಸ್ಸಿನಲ್ಲಿ ಯಾರ ಜೊತೆ ವಾದ ಮಾಡಲಿ? ಆದರೆ ಆ ಮಾತು ಪೂರ್ತಿ ಖರೆಯಲ್ಲ. ಒಬ್ಬಳು ಕೈಯೊಡ್ಡಿದ್ದಳು, ಆಕೆ ನಾನೇ. ಅದನ್ನು ಇದ್ದದ್ದು ಇದ್ದಂತೆ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಲಕ್ಷ್ಮೇಶ್ವರದ ಹುಡುಗಿ. ತಂದೆಯದು ಬಜಾರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು, ಬೇಡವಾದದ್ದನ್ನು ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದು, ಇಷ್ಟೇ ನಾನು ಕಲಿತ ನಡಾವಳಿ. ಕನ್ನಡ ಆರನೆಯ ಇಯತ್ತೆ ಮುಗಿಸಿದ್ದೆ. ನನ್ನನ್ನು ಕೊಟ್ಟದ್ದು ಮುಂಡರಗಿಯ ಕೆಳಗೆ, ಸಿಂಗಟಾಲೂರಿಗಿಂತ ಸ್ವಲ್ಪ ಈಚೆಗೆ, ತುಂಗಭದ್ರೆಯ ದಂಡೆಯ ಮೇಲಿನ ಒಂದು ಹಳ್ಳಿಗೆ. ಸ್ವರಾಜ್ಯ ಬಂದು ಕೆಲವು ವರ್ಷ ಆಗಿತ್ತು. ಈ ದಂಡೆಯ ನಾವು ಮುಂಬಯಿ ಸರಕಾರದವರು, ಎದುರು ದಂಡೆಯವರು ಮದ್ರಾಸಿನವರು. ಎರಡೂ ಕಡೆ ಕನ್ನಡವೇ, ಎರಡೂ ಕಡೆ ಹೆಣ್ಣು ಕೊಟ್ಟು ತರುತ್ತಿದ್ದರು. ಎಲ್ಲ ಒಂದೇ ನಾಡಾಗಬೇಕು ಎಂದು ಗದಗಿನಿಂದ ಬಂದವರು ಆಗೀಗ ಭಾಷಣ ಮಾಡಿ ಹೋಗುತ್ತಿದ್ದರು. ನಮ್ಮ ಊರಿನವರು ಭಾಷಣ ಕೇಳಿ, ಬಂದವರಿಗೆ ಊಟ ಹಾಕಿ, ಹೊಲಕ್ಕೆ ಹೋಗುತ್ತಿದ್ದರು.

ಊಟ ಹಾಕುವುದರಲ್ಲಿ ಆ ಊರಿನವರದು ಎತ್ತಿದ ಕೈ. ಹಾಕಿಸಿಕೊಳ್ಳುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಒಬ್ಬರ ಮನೆಗೆ ಹೋದರೆ ಮೂರು ಸಲ ಬೇಡ ಎನ್ನಬೇಕು, ನಾಲ್ಕನೆಯ ಸಲ ಅರ್ಧ ರೊಟ್ಟಿ ಮುರಿದುಕೊಳ್ಳಬೇಕು. ಹಸಿದು ಸಾಯುತ್ತಿದ್ದರೂ ಈಗಷ್ಟೇ ಉಂಡು ಬಂದೆ ಎನ್ನಬೇಕು. ಮದುವೆಯಾದ ಹೊಸದರಲ್ಲಿ ನಾನು ಒಂದು ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಅಂದುಬಿಟ್ಟಿದ್ದೆ. ಆ ಸುದ್ದಿ ನನಗಿಂತ ಮೊದಲು ನಮ್ಮ ಮನೆ ಮುಟ್ಟಿತ್ತು.

ಇಂಥ ವಿಷಯಗಳಲ್ಲಿ ಊರಿಗೆ ಮೇಲ್ಪಂಕ್ತಿ ನಮ್ಮತ್ತೆ. ನಮ್ಮದನ್ನು ದೊಡ್ಡ ಮನೆ ಎನ್ನುತ್ತಿದ್ದರು. ದೊಡ್ಡದೇನೂ ಉಳಿದಿರಲಿಲ್ಲ, ಹೆಸರು ಮಾತ್ರ ಉಳಿದಿತ್ತು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗನನ್ನು ಸಾಕಿ, ಹೊಲ ಮಾಡಿಸಿ, ಯಾರ ಮುಂದೆಯೂ ತಲೆ ಬಾಗದೆ ಬದುಕಿದ ಹೆಂಗಸು. ಎತ್ತರದ ಆಳು, ಮಾತು ಕಡಿಮೆ. ಬಾವಿ ಕಟ್ಟೆಯ ಜಗಳದಿಂದ ಹಿಡಿದು ಮದುವೆ ಮಾತಿನ ತನಕ ದೊಡ್ಡ ಮನೆಯ ಅವ್ವ ಏನೆನ್ನುತ್ತಾರೆ ಎಂದು ಊರು ಕಾಯುತ್ತಿತ್ತು. ನನಗೆ ಅವರನ್ನು ಕಂಡರೆ ಹೆದರಿಕೆ, ಹೆದರಿಕೆಯ ಜೊತೆಗೆ ಅಷ್ಟೇ ಸಿಟ್ಟು.

ಚೊಚ್ಚಲ ಬಾಣಂತನ ತವರಿನಲ್ಲಿ ಮುಗಿಸಿ, ಕಾರಹುಣ್ಣಿಮೆ ಆದ ಮೇಲೆ ಮೂರು ತಿಂಗಳ ಹೆಣ್ಣುಕೂಸು ಮತ್ತು ಹೊಸ ತೊಟ್ಟಿಲಿನೊಂದಿಗೆ ನಾನು ಗಂಡನ ಮನೆಗೆ ಬಂದೆ. ಹೊಳೆ ಬಂದದ್ದು ಶ್ರಾವಣದಲ್ಲಿ. ಕೂಸಿಗೆ ಆಗ ಐದು ತಿಂಗಳು.

ಅಂದು ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ಇದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಚುರುಚುರು ಬಿಸಿಲು, ನಾನು ಕೂಸಿನ ಬಟ್ಟೆ ಒಣಹಾಕುತ್ತಿದ್ದೆ. ಮಳೆ ಸುರಿದದ್ದು ಎಲ್ಲೋ ಮೇಲೆ, ಪಡುವಣದ ಕಾಡಿನಲ್ಲಿ. ಅಲ್ಲಿಂದ ಇಳಿದ ನೀರು ನಮ್ಮ ಬಿಸಿಲಿನಲ್ಲಿ ಬಂತು. ಅಂಬಿಗರ ಹಿರಿಯನೊಬ್ಬ ಓಣಿ ಓಣಿ ಕೂಗುತ್ತ ಓಡಿದ: "ಹೊಳಿ ಬಣ್ಣ ಬದಲಾಗೇತ್ರಿ, ವಾಸನಿನೂ ಬ್ಯಾರೆ ಐತಿ. ಕೂಸು ಕುನ್ನಿ ಎತ್ಕೊಂಡು ದಿನ್ನಿ ಹತ್ರಿ, ಜಲ್ದಿ!"

ನಾನು ತೊಟ್ಟಿಲಿಗೆ ಕೈ ಹಾಕಿದೆ. ನಮ್ಮತ್ತೆ ನನ್ನ ಕೈ ಹಿಡಿದು ಜಗ್ಗಿದರು. "ತೊಟ್ಟಿಲಾ ಬಿಡು, ಕೂಸಿನ್ನ ಎತ್ಕೋ" ಅಂದರು. ಊರ ಹಿಂದಿನ ದಿನ್ನೆಯ ಮೇಲೆ ಗುಡಿಯೊಂದಿತ್ತು. ಸಂಜೆಯೊಳಗೆ ಊರೆಲ್ಲ ಅಲ್ಲಿ ಸೇರಿತು. ಅಲ್ಲಿ ನಿಂತು ನಾವು ನಮ್ಮ ಮನೆಗಳು ಕರಗುವುದನ್ನು ನೋಡಿದೆವು. ಮಣ್ಣಿನ ಗೋಡೆ ಬೀಳುವುದಿಲ್ಲ, ಕರಗುತ್ತದೆ. ಬುಡ ಮೆತ್ತಗಾಗಿ, ಮೇಲಿನ ಮಾಳಿಗೆಯ ಭಾರಕ್ಕೆ ಒಂದು ಸಲ ಕುಳಿತಂತೆ ಕುಸಿದು ನೀರಿನಲ್ಲಿ ಇಲ್ಲವಾಗುತ್ತದೆ. ಒಂದೊಂದು ಮನೆ ಬಿದ್ದಾಗಲೂ ಆ ಮನೆಯವರು ಅಳಲಿಲ್ಲ, ಪಕ್ಕದ ಮನೆಯವರು ಅತ್ತರು. ಜೀವಹಾನಿ ಆಗಲಿಲ್ಲ. ನಮ್ಮ ಎಮ್ಮೆ ಹೊಳೆಯ ಪಾಲಾಯಿತು.

ಎರಡು ದಿನ ನೀರು ನಿಂತಿತ್ತು, ಮೂರನೆಯ ದಿನ ಇಳಿಯಿತು. ಕೆಳಗೆ ಹೋದಾಗ ಮೊಣಕಾಲುದ್ದ ಗೋಡು ಮಣ್ಣು, ಅದರೊಳಗೆ ಅವರಿವರ ಪಾತ್ರೆ, ಬೀಸುವ ಕಲ್ಲು, ಕೌದಿ. ಆಗ ಊರಿನವರು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಯಾರಿಗೆ ಏನು ಸಿಕ್ಕರೂ ತೊಳೆದು ತಂದು ಗುಡಿಯ ಕಟ್ಟೆಯ ಮೇಲೆ ಇಟ್ಟರು. ಒಂದು ಚಮಚ ಕೂಡ ಯಾರೂ ಮನೆಗೆ ಒಯ್ಯಲಿಲ್ಲ. ತಮ್ಮ ಸಾಮಾನು ಗುರುತಿಸಿದವರು ಎರಡು ಮಂದಿಯ ಎದುರಿಗೆ ಎತ್ತಿಕೊಳ್ಳಬೇಕು, ಅಷ್ಟೇ ಕಟ್ಟಳೆ. ಒಂದು ಒಳ್ಳೆಯ ತಾಮ್ರದ ಕೊಡ ಮಾತ್ರ ಅಲ್ಲೇ ಉಳಿಯಿತು. ಅದು ನಿನ್ನದು ಎಂದು ಈಕೆ, ಅಲ್ಲ ನಿನ್ನದೇ ಎಂದು ಆಕೆ. ಇಬ್ಬರ ಮನೆಯಲ್ಲೂ ನೀರು ತರಲು ಕೊಡವಿರಲಿಲ್ಲ. ಇಬ್ಬರೂ ಒಡೆದ ಗಡಿಗೆಯ ಚೂರಿನಲ್ಲಿ ನೀರು ಹೊತ್ತರು, ಕೊಡ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿತ್ತು. ಅದನ್ನು ನೋಡಿ ನಗಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ಹಗೇವು ತೆಗೆದರು. ನಮ್ಮ ಕಡೆ ಜೋಳವನ್ನು ಮನೆಯ ಮುಂದೆ ನೆಲದೊಳಗೆ ತೋಡಿದ ಆಳವಾದ ಗುಂಡಿಯಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದರು. ಅದೇ ಹಗೇವು, ವರ್ಷದ ಅನ್ನವೆಲ್ಲ ಅದರೊಳಗೇ. ಕಳ್ಳರಿಂದ ಕಾಯುತ್ತದೆ, ಇಲಿಯಿಂದ ಕಾಯುತ್ತದೆ, ನೀರಿನಿಂದ ಕಾಯುವುದಿಲ್ಲ. ಕಲ್ಲು ಸರಿಸಿದ ಕೂಡಲೆ ಹುಳಿತ ವಾಸನೆ ಮುಖಕ್ಕೆ ಹೊಡೆಯಿತು. ಜೋಳ ಊದಿ, ಕಪ್ಪಾಗಿ, ಮುದ್ದೆಗಟ್ಟಿತ್ತು. ಒಂದಾದ ಮೇಲೊಂದು ಹಗೇವು ತೆಗೆದರು, ಎಲ್ಲ ಕಡೆ ಅದೇ. ನಮ್ಮತ್ತೆ ಬಗ್ಗಿ ಒಂದು ಹಿಡಿ ತೆಗೆದುಕೊಂಡರು, ಮೂಸಿದರು, ಮೆಲ್ಲಗೆ ವಾಪಸು ಹಾಕಿ ಕೈ ತೊಳೆದುಕೊಂಡರು. ದಿನ್ನೆ ಹತ್ತುವಾಗ ಹೊತ್ತುಕೊಂಡು ಹೋಗಿದ್ದ ಹಿಟ್ಟು ಆಗಲೇ ಮುಗಿಯುತ್ತ ಬಂದಿತ್ತು. ಮುಂಡರಗಿಯ ದಾರಿಗೆ ಅಡ್ಡವಾದ ಹಳ್ಳದಲ್ಲಿ ಎತ್ತು ಹೂತುಹೋಗುವಷ್ಟು ಕೆಸರು ತುಂಬಿತ್ತು.

ಅಂದು ಮಧ್ಯಾಹ್ನ ಮೇಲಿನೂರಿನವರು ಬಂದರು. ಗುಡ್ಡದ ಬದಿಗೆ ಎತ್ತರದಲ್ಲಿರುವ ಹಳ್ಳಿ ಅದು, ನಮ್ಮಿಂದ ಒಂದು ಹರದಾರಿ. ಅವರ ಹಿರಿಯ ಒಬ್ಬ ಮುದುಕ, ಬಿಳಿ ಮೀಸೆ, ದೊಡ್ಡ ರುಮಾಲು. ಎರಡು ಚಕ್ಕಡಿ ತುಂಬ ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ. ಅವರು ಚಕ್ಕಡಿಯ ಹತ್ತಿರ ಯಾರನ್ನೂ ಕರೆಯಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಹಂಚಿದರೆ ಅದು ಭಿಕ್ಷೆಯಾಗುತ್ತದೆ, ಮನೆಮನೆಗೆ ಹೋಗಿ ಕೊಟ್ಟರೆ ಬುತ್ತಿಯಾಗುತ್ತದೆ. ಸಾವಾದ ಮನೆಗೆ ಹೇಗೆ ಬುತ್ತಿ ಒಯ್ಯುತ್ತಾರೋ ಹಾಗೆ ಮುದುಕ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಒಂದೊಂದು ಮನೆಗೂ ನಡೆದ.

ಮನೆ ಎಲ್ಲಿತ್ತು? ಆದರೂ ಜನ ತಂತಮ್ಮ ಮನೆ ಇದ್ದ ಜಾಗದಲ್ಲೇ ಕೂತಿದ್ದರು, ಹೊಸ್ತಿಲು ಇದ್ದಲ್ಲಿಂದ ಒಳಗೆ. ನಮ್ಮದರಲ್ಲಿ ಅಡಿಗೆಮನೆಯ ಮೋಟು ಗೋಡೆ ಒಂದು ಉಳಿದಿತ್ತು. ಮುದುಕ ಇಲ್ಲದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ಕೂಗಿದ: "ಅಕ್ಕಾರ, ಮನ್ಯಾಗ ಅದೀರೇನ್ರಿ?"

ಒಳಗೆ ನಾವಿದ್ದದ್ದು ಅವನಿಗೆ ಕಾಣುತ್ತಿತ್ತು. ನಮ್ಮತ್ತೆ ಸೆರಗು ಸರಿಮಾಡಿಕೊಂಡು ಹೊಸ್ತಿಲಿದ್ದ ಕಡೆ ಬಂದು ನಿಂತರು. "ಬರ್ರಿ ಅಣ್ಣಾರ, ಕುಂಡ್ರಿ" ಅಂದರು. ಕೂಡಲು ಒಂದು ತೊಯ್ದ ಕಂಬಳಿ ಹಾಸಿದರು. ಕುಡಿಯಲು ನೀರು ಕೊಟ್ಟರು. ಮುದುಕ ಬುಟ್ಟಿ ಮುಂದೆ ಸರಿಸಿದಾಗ ಕೈಮುಗಿದು ಹೇಳಿದರು: "ನಮ್ಮಲ್ಲಿ ಐತ್ರಿ, ಹಿಟ್ಟು ಉಳದೈತಿ. ಪಾಪ, ಮಗ್ಗಲ ಮನಿಯಾವರದು ಪೂರಾ ಹೋಗೇತಿ. ಅವರಿಗೆ ಮುಟ್ಟಸ್ರಿ."

ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಎರಡು ರೊಟ್ಟಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ನಿಮ್ಮೂರ ಪ್ರಸಾದ ಅಂತ ತಗೋತೀನಿ ಎಂದರು. ಮಗ್ಗುಲ ಮನೆಯಾಕೆಯ ದನಿ ನನಗೆ ಸ್ಪಷ್ಟವಾಗಿ ಕೇಳಿತು. "ನಮ್ಮದು ಹೆಂಗೋ ನಡೀತೈತ್ರಿ ಅಜ್ಜಾರ. ದೊಡ್ಡ ಮನ್ಯಾಗ ಹಸಿ ಬಾಣಂತಿ ಅದಾಳ, ಅಲ್ಲಿಗೆ ಕೊಡ್ರಿ" ಎನ್ನುತ್ತಿದ್ದಳು. ಅದರಾಚೆಯ ಮನೆಯಲ್ಲೂ ಅದೇ ಮಾತು. ಸಂಜೆ ಚಕ್ಕಡಿಗಳು ಗುಡ್ಡ ಹತ್ತಿದಾಗ ಬುಟ್ಟಿಗಳು ಹೆಚ್ಚೂಕಡಿಮೆ ತುಂಬಿಯೇ ಇದ್ದವು. ಬಂದವರು ಒಳ್ಳೆಯವರು, ಮಾತನ್ನು ನಂಬಿದರು. ಮಾರನೆಯ ದಿನ ಬರಲಿಲ್ಲ.

ಈಗ ಹೊಗೆಯ ವಿಷಯ ಹೇಳಬೇಕು. ನಮ್ಮತ್ತೆ ದಿನಕ್ಕೆರಡು ಸಲ ಒಲೆ ಹೊತ್ತಿಸುತ್ತಿದ್ದರು. ಮೂರು ಕಲ್ಲಿನ ಒಲೆ, ಮೇಲೆ ಒಂದು ಗಡಿಗೆ, ಗಡಿಗೆಯ ತುಂಬ ನೀರು. ಬಿದ್ದ ಮನೆಯ ಜಂತಿಯನ್ನೇ ಕಡಿದು ಉರಿ ಹಾಕುತ್ತಿದ್ದರು. ಹಸಿ ಕಟ್ಟಿಗೆ, ಕಣ್ಣು ಬಿಡದಷ್ಟು ಹೊಗೆ. ಎರಡು ರೊಟ್ಟಿಯ ಚೂರು ಕುದಿಸಿದರೆ ಹೆಚ್ಚು, ಅದೂ ಎರಡು ದಿನದಲ್ಲಿ ತೀರಿತು. ಆದರೂ ಒಲೆ ಹೊತ್ತುತ್ತಿತ್ತು. ಯಾಕೆ ಎಂದು ಕೇಳಿದೆ. "ಮಗ್ಗಲ ಮನಿಯಾಕಿ ನೋಡತಾಳ. ನಮ್ಮ ಒಲಿ ಆರಿದ್ದು ಕಂಡರ ತನ್ನ ಪಾಲಿಂದು ತಂದು ಕೊಡತಾಳ. ಆಕಿ ಮಕ್ಕಳು ಉಪವಾಸ ಬೀಳತಾವು" ಅಂದರು.

ಮಗ್ಗುಲ ಮನೆಯಾಕೆಯ ಒಲೆಯೂ ಹೊಗೆಯಾಡುತ್ತಿತ್ತು. ನೀರು ತರಲು ಹೋದಾಗ ಒಂದು ಸಲ ಓರೆಗಣ್ಣಿನಿಂದ ಅವಳ ಗಡಿಗೆ ನೋಡಿದೆ, ಅಲ್ಲೂ ನೀರು. ಅದರಾಚೆಗೂ ನೀರೇ ಇರಬೇಕು. ಊರೆಲ್ಲ ಒಬ್ಬರಿಗಾಗಿ ಒಬ್ಬರು ನೀರು ಕುದಿಸುತ್ತಿದ್ದೆವು, ಮನೆಯ ಜಂತಿಯನ್ನೇ ಸುಟ್ಟು. ಮರ್ಯಾದೆ ಎಂದರೆ ಇದೇ ಆದರೆ ಅದಕ್ಕಿಂತ ದಡ್ಡ ವಸ್ತು ಬೇರೆ ಇಲ್ಲ ಎಂದು ಆಗ ಅನಿಸಿತ್ತು. ಅದು ಬರಿಯ ದಡ್ಡತನವಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸುಸ್ತಾಗುತ್ತಿತ್ತು.

ಕೆಲವರು ಹಗೇವಿನ ಜೋಳವನ್ನು ತೊಳೆದು ಒಣಗಿಸಿ ಅಂಬಲಿ ಕಾಸಿ ನೋಡಿದರು. ಕುಡಿದವರಿಗೆ ವಾಂತಿ ಭೇದಿ ಹತ್ತಿತು. ನಮ್ಮತ್ತೆ ನನಗೆ ಅದನ್ನು ಮುಟ್ಟಗೊಡಲಿಲ್ಲ. ಹೊಲದಲ್ಲಿ ಗೋಡಿನ ಕೆಳಗೆ ಉಳಿದಿದ್ದ ಹೆಸರಿನ ಎಳೆ ಕಾಯಿ, ತಪ್ಪಲು ಸೊಪ್ಪು ಬೇಯಿಸಿ ನನ್ನ ಮುಂದೆ ಇಡುತ್ತಿದ್ದರು. ಅದರಿಂದ ಹೊಟ್ಟೆ ತುಂಬೀತು ಹೇಗೆ? ನೀರು ಇಳಿದ ಐದನೆಯ ದಿನಕ್ಕೆ ನನಗೆ ಹಾಲು ಬತ್ತಿತು. ಕೂಸು ಬಾಯಿ ಹಚ್ಚುವುದು, ಎರಡು ಸಲ ಚೀಪಿ ಬಿಟ್ಟು ಚೀರುವುದು, ಮತ್ತೆ ಹಚ್ಚುವುದು. ಊರಿನ ದನಗಳಿಗೆ ಮೇವಿಲ್ಲದೆ ಕೆಚ್ಚಲು ಒಣಗಿದ್ದವು, ಒಂದು ಸೇರು ಹಾಲು ಎಲ್ಲೂ ಹುಟ್ಟುತ್ತಿರಲಿಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದೆ.

ನನ್ನ ಗಂಡ ಬೆಳಗಿನಿಂದ ಸಂಜೆಯ ತನಕ ಗಂಡಸರ ಜೊತೆ ಗೋಡು ಎತ್ತುತ್ತಿದ್ದ. ಅವನೂ ಬರಿಹೊಟ್ಟೆ. ನಾನು ಅವನನ್ನು ಹಿಡಿದು ಹೇಳಿದೆ: "ಕಚೇರಿಗೆ ಒಂದು ಅರ್ಜಿ ಬರೀತೀನಿ. ಇಲ್ಲಾ ಮೇಲಿನೂರಿಗೆ ಹೋಗಿ ಹಿಟ್ಟು ಕೇಳಿ ಬರ್ರಿ. ಸ್ವರಾಜ್ಯ ಬಂದೈತಿ, ಕೇಳಾಕ ಏನ್ ನಾಚಿಕಿ?"

"ಅರ್ಜಿ ಹಿಡಕೊಂಡು ಹೋಗೂದರಾಗ ನಾಕ ದಿನ ಹೋಗತೈತಿ. ಮೇಲಿನೂರಾಗ ನಮ್ಮವ್ವ ಐತಿ ಅಂದಾಳ. ನಾ ಹೋಗಿ ಇಲ್ಲ ಅಂದ್ರ ಆಕಿ ಮಾತು ಏನಾತು?" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತ್ರಾಣವೂ ಇರಲಿಲ್ಲ. ಕೂಸಿನ ಕಾಲು ಮುಟ್ಟಿ ನೋಡಿ, ಸನಿಕೆ ಎತ್ತಿಕೊಂಡು ಹೋದ.

ಏಳನೆಯ ದಿನ ಬೆಳಿಗ್ಗೆ ಮೇಲಿನೂರಿನ ಮುದುಕ ಮತ್ತೆ ಬಂದ. ಈ ಸಲ ರೊಟ್ಟಿಯಿಲ್ಲ. ಗೋಡು ಎತ್ತಲು ಹತ್ತು ಮಂದಿ ಗಟ್ಟಿ ಆಳುಗಳನ್ನು ಕರೆತಂದಿದ್ದ. ನಮ್ಮ ಮನೆಯ ಮುಂದೆ ನಿಂತು, ಕೂಗಿ, ಕರೆದ ಮೇಲೆ ಬಂದು ಕಂಬಳಿಯ ಮೇಲೆ ಕೂತ. ಕೂಸು ಅಂದು ಅಳುತ್ತಿರಲಿಲ್ಲ. ಅಳುವುದನ್ನು ಬಿಟ್ಟಿತ್ತು. ಕಣ್ಣು ಅರ್ಧ ತೆರೆದು ನನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮುದುಕ ನಮ್ಮತ್ತೆಗೆ ಹೇಳುತ್ತಿದ್ದ: "ನಿಮ್ಮೂರು ಅಂದ್ರ ಊರು ನೋಡ್ರಿ ಅಕ್ಕಾರ. ಇಂಥಾದ್ರಾಗ ಒಬ್ಬರ ಬಾಯಾಗ ಒಂದು ಕೊರಗು ಇಲ್ಲ. ದಿನಾ ಮುಂಜಾನಿ ನಾವು ಗುಡ್ಡದ ತುದಿಗೆ ನಿಂತು ಈ ಕಡೆ ನೋಡತೀವ್ರಿ. ಎಲ್ಲಾರ ಒಲಿ ಹತ್ತಿರತಾವು, ಸಾಲಾಗಿ ಹೊಗಿ ಏಳತಿರತೈತಿ. ಉಣ್ಣಾಕತ್ಯಾರ ಅಂತ ನಮಗೂ ಸಮಾಧಾನ ಆಗತೈತಿ."

"ಎಲ್ಲಾ ಶಿವನ ದಯಾ ರೀ" ಅಂದರು ನಮ್ಮತ್ತೆ.

ನನ್ನ ಒಳಗೆ ಏನೋ ಹರಿಯಿತು. ಧೈರ್ಯ ಅಂತ ಅದನ್ನು ಕರೆಯಲಾರೆ, ಇನ್ನು ಆಗುವುದಿಲ್ಲ ಎಂಬ ಸುಸ್ತು ಅದು. ಕೂಸನ್ನು ಕೌದಿಯ ಮೇಲೆ ಮಲಗಿಸಿ ಎದ್ದೆ. ಸೆರಗಿನಿಂದ ಹಿಡಿದು ಒಲೆಯ ಮೇಲಿನ ಗಡಿಗೆ ಇಳಿಸಿದೆ. ಗಂಡಸರ ಎದುರಿಗೆ ಬಾರದ ಸೊಸೆ, ಮೋಟು ಗೋಡೆ ದಾಟಿ ಬಂದು ಆ ಗಡಿಗೆಯನ್ನು ಮುದುಕನ ಮುಂದೆ ಬಗ್ಗಿಸಿದೆ. ನೀರು ಅವನ ಕಾಲಿನ ತನಕ ಹರಿಯಿತು.

"ನೋಡ್ರಿ ಅಜ್ಜಾರ, ನೀರು. ಬರೇ ನೀರು" ಅಂದೆ. "ಆ ಮನ್ಯಾಗೂ ನೀರ ಕುದೀತಾವು, ಅದರಾಚಿ ಮನ್ಯಾಗೂ ನೀರ ಕುದೀತಾವು. ಈ ಊರಾಗ ಯಾರ ಮನ್ಯಾಗೂ ಒಂದು ಹಿಡಿ ಹಿಟ್ಟಿಲ್ಲ. ಎಲ್ಲಾರೂ ಸುಳ್ಳು ಹೇಳಾಕತ್ಯಾರ. ನನಗ ಹಾಲು ಬತ್ತ್ಯಾವು. ನನ್ನ ಕೂಸು ಸಾಯತೈತ್ರಿ. ರೊಟ್ಟಿ ಕೊಡ್ರಿ."

ಕೈಯೊಡ್ಡಿದ್ದೆ ಎಂದು ಮೊದಲೇ ಹೇಳಿದೆನಲ್ಲ, ಅದು ಬರಿ ಮಾತಿಗಲ್ಲ. ಎರಡೂ ಕೈ ಚಾಚಿ ನಿಂತಿದ್ದೆ, ಅಂಗೈಯೆಲ್ಲ ಮಸಿ. ಸುತ್ತಲಿನ ಮನೆಗಳಿಗೆ ಗೋಡೆಯೇ ಇರಲಿಲ್ಲವಾದ್ದರಿಂದ ಎಲ್ಲರೂ ನೋಡಿದರು. ಮಗ್ಗುಲ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮತ್ತೆ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತ ಕೂತರು. 

ಮುದುಕ ಎದ್ದ. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, ತನ್ನ ಆಳುಗಳಲ್ಲಿ ಇಬ್ಬರನ್ನು ಕರೆದು ಗುಡ್ಡದ ಕಡೆ ಓಡಿಸಿದ. ಉಳಿದವರೊಡನೆ ತಾನೂ ಸನಿಕೆ ಹಿಡಿದು ಗೋಡಿಗೆ ಇಳಿದ. ಆ ವಯಸ್ಸಿನಲ್ಲಿ ಅವನು ಗೋಡು ಎತ್ತಬೇಕಾಗಿರಲಿಲ್ಲ. ನಮ್ಮ ಮುಖ ನೋಡುವುದನ್ನು ತಪ್ಪಿಸಲು ಹಾಗೆ ಮಾಡಿದ ಎಂದು ಈಗ ಅನಿಸುತ್ತದೆ.

ಹೊತ್ತು ನೆತ್ತಿಗೆ ಬರುವುದರೊಳಗೆ ಮೂರು ಚಕ್ಕಡಿ ಬಂದವು. ಮೇಲಿನೂರಿನವರು ಮನೆಯಲ್ಲಿ ಇದ್ದ ರೊಟ್ಟಿಯನ್ನೆಲ್ಲ ತುಂಬಿ ಕಳಿಸಿದ್ದರು. ಹಿಟ್ಟಿನ ಚೀಲ, ಎರಡು ಕೊಡ ಮಜ್ಜಿಗೆ, ಕೂಸಿಗೆಂದು ಬಟ್ಟೆ ಬಿಗಿದ ತಂಬಿಗೆಯಲ್ಲಿ ಆಕಳ ಹಾಲು. ಆ ಹಾಲನ್ನು ಮುದುಕ ತಾನೇ ತಂದು ಮೋಟು ಗೋಡೆಯ ಮೇಲಿಟ್ಟು ಹೋದ. ನಾನು ಬಟ್ಟೆ ಅದ್ದಿ ಅದ್ದಿ ಕೂಸಿನ ತುಟಿಗೆ ಹಿಂಡಿದೆ. ಮೊದಲು ಹೊರಗೆ ಚೆಲ್ಲಿತು, ಆಮೇಲೆ ಸ್ವಲ್ಪ ಒಳಗೆ ಹೋಯಿತು.

ಹೊರಗೆ ಬೇರೆಯೇ ಫಜೀತಿ ಆಗಿತ್ತು. ಚಕ್ಕಡಿಗಳು ಊರ ನಡುವೆ ನಿಂತಿದ್ದವು, ಒಬ್ಬರೂ ಹತ್ತಿರ ಬರಲೊಲ್ಲರು. ಮೊದಲಾದರೆ ಐತಿ ಎಂದು ಸುಳ್ಳು ಹೇಳಿ ಮುಖ ಉಳಿಸಿಕೊಂಡಿದ್ದರು. ಈಗ ಸುಳ್ಳು ಬಯಲಾಗಿತ್ತು. ಈಗ ತೆಗೆದುಕೊಂಡರೆ ಹಸಿದವರೂ ಹೌದು, ಸುಳ್ಳರೂ ಹೌದು ಎಂದಾಗುತ್ತದೆ. ಎಲ್ಲರೂ ಇಲ್ಲದ ಹೊಸ್ತಿಲುಗಳ ಒಳಗೆ ತಲೆ ತಗ್ಗಿಸಿ ಕೂತಿದ್ದರು. ಮೇಲಿನೂರಿನವರಿಗೂ ಏನು ಮಾಡಬೇಕೋ ತಿಳಿಯದು. ಮನೆಮನೆಗೆ ಹೋದರೆ ಮತ್ತೆ ಬೇಡ ಎಂದಾರು, ಇಲ್ಲೇ ಕರೆದರೆ ಭಿಕ್ಷೆಯಾದೀತು. ರೊಟ್ಟಿ ಬಿಸಿಲಿಗೆ ಒಣಗುತ್ತಿತ್ತು. ನನ್ನ ಗಂಡ ಗೋಡಿನಲ್ಲಿ ನಿಂತು ಸನಿಕೆಯ ಕಾವು ಹಿಡಿದು ಸುಮ್ಮನೆ ನೋಡುತ್ತಿದ್ದ. ನಾನು ಮಾಡಿದ್ದು ಇಷ್ಟಕ್ಕೇ ನಿಂತಿತು, ಊರ ಮಾನವನ್ನೂ ಕಳೆದೆ, ಊಟವನ್ನೂ ಮಾಡಿಸಲಿಲ್ಲ ಎಂದು ನನಗೆ ಅನಿಸಿತು.

ಆಗ ನಮ್ಮತ್ತೆ ಎದ್ದರು. ಹೊಸ್ತಿಲಿದ್ದ ಜಾಗ ದಾಟಿ, ಗೋಡಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ ಚಕ್ಕಡಿಯ ಹತ್ತಿರ ಹೋದರು. ಬುಟ್ಟಿಯ ಬಟ್ಟೆ ತಾವೇ ಸರಿಸಿ ಒಂದು ರೊಟ್ಟಿ ತೆಗೆದರು, ಅದರ ಮೇಲೆ ಪಲ್ಯ ಹಾಕಿಕೊಂಡರು. ಚಕ್ಕಡಿಯ ಗಾಲಿಯ ಪಕ್ಕದಲ್ಲಿ, ಹಸಿ ನೆಲದ ಮೇಲೆ, ಎಲ್ಲರ ಕಣ್ಣೆದುರು ಕೂತು ಉಣ್ಣತೊಡಗಿದರು.

ನಮ್ಮ ಕಡೆಯ ಹಿರಿಯ ಹೆಂಗಸು ಉಣ್ಣುವುದನ್ನು ಗಂಡಸರು ನೋಡಿರುವುದಿಲ್ಲ. ಎಲ್ಲರದೂ ಆದ ಮೇಲೆ, ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಉಂಡು ಏಳುತ್ತಾರೆ. ಎರಡು ವರ್ಷ ಒಂದೇ ಮನೆಯಲ್ಲಿದ್ದ ನಾನೂ ಅವರು ತುತ್ತು ಎತ್ತುವುದನ್ನು ಸರಿಯಾಗಿ ನೋಡಿರಲಿಲ್ಲ. ಒಣ ರೊಟ್ಟಿ ಗಂಟಲಲ್ಲಿ ಇಳಿಯದೆ ಒಂದು ಸಲ ಕೆಮ್ಮಿದರು. ನನ್ನ ಮುಂದೆ ತಪ್ಪಲಿನ ಬಟ್ಟಲು ಇಟ್ಟು ನಂದು ಆತು ಎಂದು ದಿನವೂ ಏಳುತ್ತಿದ್ದರಲ್ಲ, ಯಾವಾಗ ಆಗಿತ್ತು, ಏನು ಉಂಡಿದ್ದರು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಸಿಟ್ಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈಗ ನಾಚಿಕೆಯಾಯಿತು.

ಅರ್ಧ ರೊಟ್ಟಿ ಮುಗಿಸಿ ಅವರು ತಲೆಯೆತ್ತಿದರು. "ಏನ್ ನೋಡಾಕತ್ತೀರಿ?" ಎಂದು ಊರಿಗೆಲ್ಲ ಕೇಳುವಂತೆ ಗದರಿದರು. "ನನಗ ಹಸಿವ್ಯಾಗಿತ್ತು, ಉಣ್ಣಾಕತ್ತೀನಿ. ನಿಮಗ ಆಗಿಲ್ಲೇನ? ಮಕ್ಕಳನ್ನ ಕರಕೊಂಡು ಬರ್ರಿ."

ಮಗ್ಗುಲ ಮನೆಯಾಕೆ ಮೊದಲು ಬಂದಳು, ಬಂದು ನಮ್ಮತ್ತೆಯ ಪಕ್ಕದಲ್ಲೇ ಕೂತಳು. ಆಮೇಲೆ ಆಚೆ ಮನೆಯವರು, ಅಂಬಿಗರು, ಗೋಡಿನಲ್ಲಿದ್ದ ಗಂಡಸರು. ಯಾರೂ ನುಗ್ಗಲಿಲ್ಲ, ಯಾರೂ ಬೇಡವೂ ಎನ್ನಲಿಲ್ಲ. ಬುಟ್ಟಿ ಕೈಯಿಂದ ಕೈಗೆ ಹೋಯಿತು. ಮುಂದಿನ ದಿನಗಳಲ್ಲಿ ಮೇಲಿನೂರಿನ ಚಕ್ಕಡಿ ತಪ್ಪದೆ ಬಂತು. ಹಳ್ಳದ ಕೆಸರು ಒಣಗಿದ ಮೇಲೆ ಮುಂಡರಗಿಯಿಂದ ಸರಕಾರದ ಧಾನ್ಯವೂ ಬಂತು, ಅದರ ಸಾಲಿನಲ್ಲಿ ನಿಲ್ಲುವುದನ್ನೂ ಊರು ಕಲಿಯಿತು.

ನಮ್ಮತ್ತೆ ಅಂದು ನನಗೆ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನವೂ ಇಲ್ಲ. ನನ್ನ ಮುಂದೆ ರೊಟ್ಟಿ, ಮಜ್ಜಿಗೆ ತಂದಿಟ್ಟು ಸರಿದುಬಿಡುತ್ತಿದ್ದರು. ಊರ ಮುಂದೆ ನಾನು ಅವರನ್ನು ಸುಳ್ಳಿ ಮಾಡಿದ್ದೆ, ಅದನ್ನು ಎಂದಿಗೂ ಕ್ಷಮಿಸುವುದಿಲ್ಲ ಎಂದುಕೊಂಡೆ. ನನ್ನ ಕಡೆಯಿಂದ ತಪ್ಪಾಯಿತು ಎನ್ನಲೂ ಬಾಯಿ ಬರಲಿಲ್ಲ, ತಪ್ಪು ಎಂದು ನನಗೆ ಅನಿಸಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನನಗೆ ಹಾಲು ಬಂತು. ಕೂಸು ಬಾಯಿ ಹಚ್ಚಿ, ಬಿಡದೆ, ಗುಟುಕು ಗುಟುಕಾಗಿ ಕುಡಿಯತೊಡಗಿತು. ಆ ಸಪ್ಪಳ ಅಷ್ಟು ಜೋರಾಗಿತ್ತು. ನಮ್ಮತ್ತೆ ಮೋಟು ಗೋಡೆಯ ಆಚೆಗೆ ಕೂತು ಕೌದಿ ಹಿಂಡುತ್ತಿದ್ದರು. ಅವರ ಕೈ ನಿಂತಿತು.

"ನನಗೂ ಹಿಂಗ ಬತ್ತಿದ್ದವು" ಅಂದರು. ನನ್ನ ಕಡೆ ತಿರುಗಲಿಲ್ಲ. "ಬರ ಬಿದ್ದ ವರ್ಷ. ಚೊಚ್ಚಲಾ, ಹೆಣ್ಣುಕೂಸು. ನಮ್ಮತ್ತಿ ಬಂದವರಿಗೆಲ್ಲ ನಮ್ಮಲ್ಲಿ ಐತ್ರಿ ಅಂತಿದ್ದಳು. ನಾ ಬಾಯಿ ಬಿಡಲಿಲ್ಲ."

ಅವರು ಕೌದಿ ಹಿಂಡಿ ಮುಗಿಸಿ, ಕೊಡವಿ, ಬಿಸಿಲಿಗೆ ಹರವಿ ಬಂದರು. ಆಮೇಲೆ ಹದಿನೆಂಟು ವರ್ಷ ಅವರ ಜೊತೆ ಬಾಳಿದೆ, ಮತ್ತೊಮ್ಮೆ ಅವರೂ ಆ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಅವರು ಕಳೆದುಕೊಂಡ ಆ ಕೂಸಿಗೆ ಹೆಸರಿಟ್ಟಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.